ಶಾಲಿ ಶತಮಾನೋತ್ಸವದ ಪುಸ್ತಕ ಎಲ್ಲಾರೂ ಕೂಡಿ ಬರಿಯಾಕ ಯಾವ ಟೂಲ್ ಛಲೋ? ತಿಳದವ್ರು ಹೇಳ್ರಿ

ವರದಾ ದಂಡಿ:
ನಮಸ್ಕಾರ್ರಿ ಎಲ್ಲಾರಿಗೂ. ಹಾವೇರಿ ಜಿಲ್ಲಾದಾಗ ನಮ್ಮೂರ ಕನ್ನಡ ಶಾಲಿಗೆ ನೂರು ವರ್ಷ ತುಂಬಾಕತ್ತೈತಿ, ಹಳೇ ವಿದ್ಯಾರ್ಥಿಗಳೆಲ್ಲಾ ಕೂಡಿ ಒಂದು ಸ್ಮರಣ ಸಂಚಿಕೆ ತರೂಣು ಅಂತ ಮಾತಾಗೈತಿ. ಬರಿಯೂ ಮಂದಿಗೇನು ಕಡಿಮಿ ಇಲ್ಲ, ಹುಬ್ಬಳ್ಳಿಯಾಗ ಅದಾರ, ಪುಣೆದಾಗ ಅದಾರ, ಇಬ್ಬರು ದುಬೈದಾಗ ಅದಾರ, ಊರಾಗಿನ ಹಿರ್ಯಾರಂತೂ ಕೇಳಬ್ಯಾಡ್ರಿ. ತ್ರಾಸ ಏನಂದ್ರ ಎಲ್ಲಾ ವಾಟ್ಸ್ಯಾಪ್ ಗ್ರೂಪಿನಾಗ ಬರಾಕತ್ತೈತಿ. ಒಬ್ಬರು ಟೈಪ್ ಮಾಡಿ ಹಾಕ್ತಾರ, ಒಬ್ಬರು ಕಾಗದದ ಮ್ಯಾಲ ಬರದು ಫೋಟೋ ಹೊಡದು ಹಾಕ್ತಾರ, ಒಬ್ಬರು ವಾಯ್ಸ್ ನೋಟ್, ನಡುವ ಗುಡ್ ಮಾರ್ನಿಂಗ್ ಹೂವಾ, ಯಾರದೋ ಹುಟ್ಟಹಬ್ಬದ ಕೇಕ್, ಇದರಾಗ ಲೇಖನ ಎಲ್ಲಿ ಮುಳುಗಿತು ಅಂತ ಹುಡುಕೂದರಾಗ ಸಂಜಿ ಮುಗೀತೈತಿ. ವರ್ಡ್ ಫೈಲಿಂದು ಬ್ಯಾರೆ ಕತಿ. ‘ಫೈನಲ್’, ‘ಫೈನಲ್ ಹೊಸಾದು’, ‘ಖರೇ ಫೈನಲ್’ ಅಂತ ಮೂರು ಬಂದಾವ, ಮೂರರಾಗೂ ತಿದ್ದುಪಡಿ ಬ್ಯಾರೆ ಬ್ಯಾರೆ. ಎಲ್ಲಾರೂ ಒಂದ ಕಡೆ ಕುಂತು ಬರದಂಗ ಆಗೂ ಟೂಲ್ ಯಾವದರ ಐತೇನ್ರಿ? ಪುಕಟ ಇರಬೇಕು, ಫೋನಿನಾಗೂ ನಡೀಬೇಕು, ಕನ್ನಡ ಸರಿ ಬರಬೇಕು. ನಾನು ಕಂಪ್ಯೂಟರ್ ಮಂದಿ ಅಲ್ಲ, ಔಷಧಿ ಹೋಲ್‌ಸೇಲ್ ಅಂಗಡಿಯಾಗ ಲೆಕ್ಕಾ ಬರಿಯಾಂವ, ಹಂಗಾಗಿ ಬಿಡಿಸಿ ಹೇಳ್ರಿ.

ವಿದ್ಯಾನಗರ ಪಿಜಿ:
ಅಣ್ಣಾರ ಗೂಗಲ್ ಡಾಕ್ಸ್ ಹಿಡೀರಿ, ಭಾಳ ವಿಚಾರ ಮಾಡಬ್ಯಾಡ್ರಿ. ನಾವು ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಅದರಾಗ ಬರಿಯೂದು. ಇಡೀ ಪುಸ್ತಕ ಒಂದ ಡಾಕ್‌ನಾಗ ತುಂಬಬ್ಯಾಡ್ರಿ ಮತ್ತ, ಹಳೇ ಫೋನಿನಾಗ ತೆರಿಯಾಕ ಜೀವಾ ತಿಂತೈತಿ, ಒಂದು ಲೇಖನಕ್ಕ ಒಂದು ಡಾಕ್, ಎಲ್ಲಾ ಒಂದ ಫೋಲ್ಡರ್‌ನಾಗ. ಶೇರ್ ಒತ್ತಿದ್ರ ಮೂರು ತರದ ಪರ್ಮಿಷನ್ ಬರ್ತಾವ: ಬರೇ ನೋಡೋರು, ಕಾಮೆಂಟ್ ಹಾಕೋರು, ಎಡಿಟ್ ಮಾಡೋರು. ಲೇಖನ ಬರದವ್ರಿಗೆ ಎಡಿಟ್ ಕೊಡ್ರಿ, ಉಳದವ್ರಿಗೆ ಕಾಮೆಂಟ್ ಸಾಕು. ಕಾಮೆಂಟ್ ಪರ್ಮಿಷನ್ ಇದ್ದವ್ರು ತಿದ್ದಿದ್ರೂ ಅದು ‘ಸಜೆಷನ್’ ಆಗಿ ಬ್ಯಾರೆ ಬಣ್ಣದಾಗ ಕುಂದರ್ತೈತಿ, ನೀವು ರೈಟ್ ಒತ್ತಿದ್ರ ಒಳಗ ಹೋಗ್ತೈತಿ, ಇಲ್ಲಂದ್ರ ಹೋಗ್ತೈತಿ ಹೊರಗ. ಒಮ್ಮೆಗೇ 100 ಮಂದಿ ತಿದ್ದಾಕ ಬರ್ತೈತಿ, ನಿಮ್ಮೂರ ಗ್ರೂಪಿಗೆ ಅಷ್ಟು ಸಾಕು ಅನಸ್ತೈತಿ.

ಎಲ್ಲಾಕ್ಕಿಂತ ಮುಖ್ಯ ವರ್ಷನ್ ಹಿಸ್ಟರಿ. ಯಾರು ಯಾವ ದಿನ ಎಷ್ಟು ಹೊತ್ತಿಗೆ ಯಾವ ಸಾಲು ಅಳಿಸಿದ್ರು ಅನ್ನೂದು ಹೆಸರು ಸಮೇತ ಬರ್ತೈತಿ, ಹಿಂದಿನ ರೂಪಕ್ಕ ವಾಪಸ್ ಹೋಗಾಕೂ ಬರ್ತೈತಿ. ‘ಖರೇ ಫೈನಲ್’ ಅನ್ನೂ ಫೈಲ್ ಮಾಡೂ ಗರಜೇ ಇಲ್ಲ. ಅಂದಂಗ ಹೆಸರು ಬರಬೇಕಂದ್ರ ಎಲ್ಲಾರೂ ಅವರವರ ಜಿಮೇಲ್‌ದಿಂದ ಲಾಗಿನ್ ಆಗಬೇಕು, ‘ಲಿಂಕ್ ಇದ್ದವ್ರು ಯಾರರ ಎಡಿಟ್ ಮಾಡಬಹುದು’ ಅಂತ ಬಿಟ್ರ ಲಾಗಿನ್ ಆಗದವ್ರಿಗೆ ಗೂಗಲ್ ಒಂದೊಂದು ಪ್ರಾಣಿ ಹೆಸರು ಕೊಡ್ತೈತಿ, ಅನಾಮಧೇಯ ಪ್ರಾಣಿಗೋಳು ಬಂದು ಕುಂದರ್ತಾವ, ಆಮ್ಯಾಲ ಯಾವ ಕಾಕಾ ಯಾವ ಪ್ರಾಣಿ ಅಂತ ಗೊತ್ತಾಗೂದಿಲ್ಲ 😂

ವರದಾ ದಂಡಿ:
ತಂಗಿ ಭಾಳ ಛಲೋ ಹೇಳಿದಿ. ಒಂದು ಸಂಶೆ. ಇಬ್ಬರು ಒಂದ ಸಾಲಿನ್ಯಾಗ ಒಮ್ಮೆಗೇ ತಿದ್ದಿದ್ರ ಒಬ್ಬರದು ಹೋಗಿಬಿಡೂದಿಲ್ಲನು? ನಮ್ಮ ಅಂಗಡಿ ಸಾಫ್ಟ್‌ವೇರ್‌ನಾಗ ಒಂದು ಬಿಲ್ ಇಬ್ಬರು ತೆರದ್ರ ಎರಡನೇದವಂಗ ಲಾಕ್ ಅಂತ ತೋರಸ್ತೈತಿ.

ವಿದ್ಯಾನಗರ ಪಿಜಿ:
ಇಲ್ಲ ಅಣ್ಣಾರ, ಅದರ ಮಜಾನ ಅಲ್ಲೈತಿ. ಅದು ಇಡೀ ಫೈಲ್ ಕಳಸೂದಿಲ್ಲ, ನೀವು ಒತ್ತಿದ ಒಂದೊಂದು ಕೀ ಒಂದು ಹುಕುಂ ಆಗಿ ಸರ್ವರಿಗೆ ಹೋಗ್ತೈತಿ, ‘ಇಷ್ಟನೇ ಜಾಗಾದಾಗ ಇದನ್ನ ಸೇರಿಸು’, ‘ಇಷ್ಟನೇದನ್ನ ಅಳಸು’ ಅಂತ. ನೀವು ಸಾಲಿನ ಶುರುವಿನಾಗ ಐದು ಅಕ್ಷರ ಸೇರಿಸಿದ್ರಿ ಅಂತ ತಿಳೀರಿ, ಅದ ಹೊತ್ತಿಗೆ ನಾ ಇಪ್ಪತ್ತನೇ ಅಕ್ಷರ ಅಳಿಸಿದೆ, ನನ್ನ ಹುಕುಂ ಮುಟ್ಟೂದರಾಗ ಆ ಅಕ್ಷರ ಇಪ್ಪತ್ತೈದನೇ ಜಾಗಾಕ್ಕ ಸರದಿರ್ತೈತಿ, ಸರ್ವರ್ ಅದನ್ನ ಲೆಕ್ಕಾ ಹಿಡದು ನನ್ನ ಹುಕುಂನ ಇಪ್ಪತ್ತೈದಕ್ಕ ತಿದ್ದಿ ನಡಸ್ತೈತಿ. ಹಂಗಾಗಿ ಇಬ್ಬರ ಸ್ಕ್ರೀನಿನ್ಯಾಗೂ ಕಡೀಕ ಒಂದ ಬರ್ತೈತಿ. ಇದಕ್ಕ ಆಪರೇಷನಲ್ ಟ್ರಾನ್ಸ್‌ಫಾರ್ಮೇಷನ್ ಅಂತಾರ, ವಿಚಾರ 1989ರಷ್ಟು ಹಳೇದು. ಗೂಗಲ್ ಇದನ್ನ ತಾನ ಮೊದಲಿಂದ ಕಟ್ಟಿದ್ದಲ್ಲ, ರೈಟ್ಲಿ ಅನ್ನೂ ಸಣ್ಣ ಕಂಪನಿ 2006ರಾಗ ತಗೊಂಡು ಅಲ್ಲಿಂದ ಡಾಕ್ಸ್ ಬೆಳಸಿದ್ದು. ನಮ್ಮ ಸೆಮಿನಾರ್ ಟಾಪಿಕ್ ಆಗಿತ್ತು, ಅದಕ್ಕ ಇಷ್ಟು ಗೊತ್ತು.

ಗದಗ ಡಿಟಿಪಿ:
ಎಲ್ಲಾ ಖರೇ, ಆದ್ರ ಪ್ರಿಂಟಿಂಗ್ ಕಡೆಯಿಂದ ನಾ ಒಂದು ಮಾತು ಹೇಳ್ತೀನಿ, ಈ ಪುಸ್ತಕ ಕಡೀಕ ನಮ್ಮಂಥಾವ್ರ ಟೇಬಲ್ಲಿಗೇ ಬರೂದು. ನಿಮ್ಮ ಮಂದಿಯೊಳಗ ಅರ್ಧಾ ಜನಾ ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಾಗ ಟೈಪ್ ಮಾಡಿ ಕಳಸ್ತಾರ, ಅದೂ ಹಳೇ ಆಸ್ಕಿ ಫಾಂಟಿನ ನುಡಿ. ಅದನ್ನ ಎತ್ತಿ ಡಾಕ್ಸ್‌ನಾಗ ಪೇಸ್ಟ್ ಮಾಡಿದ್ರಿ ಅಂದ್ರ ಕನ್ನಡ ಬರೂದಿಲ್ಲ, ಇಂಗ್ಲಿಷ್ ಅಕ್ಷರಾ, ಬ್ರ್ಯಾಕೆಟ್ಟು, ಚುಕ್ಕಿ ಎಲ್ಲಾ ಕೂಡಿ ಹುಚ್ಚರ ಸಂತಿ ಆಗ್ತೈತಿ. ಯಾಕಂದ್ರ ಅಲ್ಲಿ ಒಳಗ ಇರೂದು ಇಂಗ್ಲಿಷ್ ಅಕ್ಷರಾನ, ಫಾಂಟ್ ಒಂದ ಅದಕ್ಕ ಕನ್ನಡದ ಅಂಗಿ ತೊಡಿಸಿರ್ತೈತಿ. ಮೊದಲ ಯೂನಿಕೋಡ್‌ಗೆ, ಅಂದ್ರ ಒಳಗೂ ಕನ್ನಡ ಅಕ್ಷರಾನ ಇರೂ ಪದ್ಧತಿಗೆ, ಕನ್ವರ್ಟ್ ಮಾಡ್ರಿ, ಕನ್ವರ್ಟರ್ ಆನ್‌ಲೈನ್ ಪುಕಟ ಸಿಗ್ತಾವ. ಆದ ಮ್ಯಾಲ ಕಣ್ಣಿಲೆ ಓದ್ರಿ, ಅರ್ಕಾವತ್ತು ಮತ್ತ ಒತ್ತಕ್ಷರ ತಪ್ಪಿರ್ತಾವ, ನಡುವ ಇಂಗ್ಲಿಷ್ ಶಬ್ದ ಏನರ ಇದ್ರ ಅದೂ ಕನ್ನಡ ಆಗಿ ಕುಲಗೆಟ್ಟಿರ್ತೈತಿ.

ಇನ್ನೊಂದು, ನಿಮ್ಮ ಪ್ರೆಸ್‌ನವ್ರನ್ನ ಈಗ ಕೇಳ್ರಿ, ಯಾವದರಾಗ ಪೇಜ್ ಕಟ್ಟತೀರಿ ಅಂತ. ಇನ್ನೂ ಪೇಜ್‌ಮೇಕರ್ ಅನ್ನೂ ಹಳೇ ಸಾಫ್ಟ್‌ವೇರ್‌ನಾಗ ಕಟ್ಟೂ ಮಂದಿ ಅದಾರ, ಅದಕ್ಕ ಯೂನಿಕೋಡ್ ನಡಿಯೂದಿಲ್ಲ, ಮತ್ತ ನುಡಿಗೆ ತಿರುವಿ ಹಾಕಬೇಕಾಗ್ತೈತಿ, ಎರಡು ಸಲ ತಿರುವಿದ್ರ ತಪ್ಪೂ ಎರಡು ಪಟ್ಟು. ಇನ್‌ಡಿಸೈನ್ ಇದ್ರ ಆ ತ್ರಾಸ ಇಲ್ಲ.

ಮತ್ತ ಕೈಮುಗದು ಹೇಳ್ತೀನಿ, ಪೇಜ್ ಕಟ್ಟಾಕ ಕೊಟ್ಟ ಮ್ಯಾಲ ಡಾಕ್ ತಿದ್ದಾಕ ಹೋಗಬ್ಯಾಡ್ರಿ. ಎಲ್ಲಾರ್ದೂ ಎಡಿಟ್ ತಗದು ಬರೇ ವ್ಯೂ ಮಾಡ್ರಿ. ಇಲ್ಲಂದ್ರ ನಾ ಇಲ್ಲಿ ಹದಿನೆಂಟನೇ ಪುಟಾ ಸೆಟ್ ಮಾಡಿರ್ತೀನಿ, ಅಲ್ಲಿ ಪುಣೆದವ್ರು ಮೂರನೇ ಪ್ಯಾರಾದಾಗ ಅವರ ಅಜ್ಜನ ಹೆಸರು ಸೇರಿಸಿರ್ತಾರ, ‘ನಾವು ಆನ್‌ಲೈನ್ ತಿದ್ದಿದ್ವಿ, ನಿಮ್ಮದರಾಗ ಯಾಕ ಬಂದಿಲ್ಲ’ ಅಂತ ಜಗಳಾಕ್ಕ ಬರ್ತಾರ.

ಬ್ಯಾಡಗಿ ಖಾರ:
ನಾ ಉಲ್ಟಾ ಮಾತಾಡ್ತೀನಿ, ಸಿಟ್ಟ ಆಗಬ್ಯಾಡ್ರಿ. ಪುಸ್ತಕ ಅನ್ನೂದು ಹತ್ತು ಮಂದಿ ಕೂಡಿ ಬರಿಯೂದಲ್ಲ. ಹತ್ತು ಮಂದಿ ಕೂಡಿ ಬರದದ್ದನ್ನ ನಾವು ಏಸೋ ನೋಡೀವಿ, ಎಲ್ಲಾ ಸೊಸೈಟಿ ವಾರ್ಷಿಕ ವರದಿ ಆಗಿರ್ತಾವ. ಯಾರಿಗೂ ಬ್ಯಾಸರ ಆಗಬಾರ್ದು ಅಂತ ಎಲ್ಲಾರ ಹೆಸರೂ ತುಂಬಿ, ಯಾರೂ ಓದಲಾರದಂಗ ಮಾಡಿಟ್ಟಿರ್ತಾರ. ಛಲೋ ಬರಿಯೂ ಒಬ್ಬಂವನ್ನ ಹಿಡೀರಿ, ಎಲ್ಲಾರ ಮಾತು ಅವಂಗ ಹೇಳ್ರಿ, ಅಂವ ಬರೀಲಿ. ಟೂಲ್ ಬಂತಂದ್ರ ಎಲ್ಲಾರೂ ಸಾಹಿತಿ ಆಗ್ತಾರೇನು?

ಸಾಧನಕೇರಿ:
ಖಾರದವ್ರ ಮಾತಿನ್ಯಾಗ ಅರ್ಧ ಖರೇ ಅದ, ಆದ್ರ ಇನ್ನರ್ಧಕ್ಕ ನಾ ಒಪ್ಪಂಗಿಲ್ಲ. ನಾ ಭಾಳ ವರ್ಷದಿಂದ ಕನ್ನಡ ವಿಕಿಪೀಡಿಯಾದಾಗ ತಿದ್ದೋ ಕೆಲಸಾ ಮಾಡ್ಲಿಕ್ಕೆ ಹತ್ತೀನಿ, ಅದರ ಅನುಭವದ ಮ್ಯಾಲೆ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ತಡ್ಕೋರಿ.

ಇಂಗ್ಲಿಷ್ ವಿಕಿಪೀಡಿಯಾ 2001ರ ಜನವರಿ 15ಕ್ಕ ಶುರು ಆತು. ಅದಕ್ಕೂ ಮೊದಲ ಅದೇ ಮಂದಿ, ಜಿಮ್ಮಿ ವೇಲ್ಸ್ ಮತ್ತ ಲ್ಯಾರಿ ಸ್ಯಾಂಗರ್, ನ್ಯೂಪೀಡಿಯಾ ಅಂತ ಒಂದು ನಡಸ್ತಿದ್ರು. ಅಲ್ಲಿ ಖಾರದವ್ರು ಹೇಳಿದಂಗೇ ವ್ಯವಸ್ಥಾ ಇತ್ತು, ಪಂಡಿತರು ಬರೀಬೇಕು, ಮತ್ತ ಬ್ಯಾರೆ ಪಂಡಿತರು ಏಳು ಹಂತದಾಗ ಪರೀಕ್ಷಾ ಮಾಡ್ಬೇಕು. 2003ಕ್ಕ ಅದು ಮುಚ್ಚೋ ಹೊತ್ತಿಗೆ ಪೂರ್ತಿ ಪಾಸಾದ ಲೇಖನ ಮೂವತ್ತನ್ನೂ ದಾಟಿದ್ದಿಲ್ಲ. ಯಾರು ಬೇಕಾದ್ರೂ ತಿದ್ದಬಹುದು ಅಂತ ಬಿಟ್ಟ ವಿಕಿಪೀಡಿಯಾದಾಗ ಮೊದಲ ವರ್ಷ ಮುಗಿಯೋದ್ರಾಗ ಸುಮಾರು 20,000 ಲೇಖನ, ಹದಿನೆಂಟು ಭಾಷಾ. ತಿದ್ದೋ ಯಂತ್ರ ಮೊದಲೇ ಇತ್ತು, ವಾರ್ಡ್ ಕನ್ನಿಂಗ್‌ಹ್ಯಾಮ್ ಅನ್ನೋರು 1995ರಾಗ ಪ್ರೋಗ್ರಾಮರ್ ಮಂದಿ ಸಲುವಾಗಿ ಮೊದಲನೇ ವಿಕಿ ಮಾಡಿದ್ರು. ನಮ್ಮ ಕನ್ನಡದ್ದು 2003ರಾಗ ಹುಟ್ಟಿತು.

ಈಗ ಯಾರು ಬೇಕಾದ್ರೂ ಬರದ್ರ ಗೊಂದಲ ಆಗಂಗಿಲ್ಲೇನು ಅಂದ್ರ, ಆಗ್ತದ. ದಿನಾ ಆಗ್ತದ. ಆದ್ರ ಪ್ರತಿ ಪುಟದ ಹಿಂದ ಎರಡು ಇರ್ತಾವ, ಒಂದು ಇತಿಹಾಸ, ಇನ್ನೊಂದು ಚರ್ಚೆ. ಮೊದಲನೇದ್ರಾಗ ಒಂದು ಅಲ್ಪವಿರಾಮ ತಿದ್ದಿದ್ರೂ ದಾಖಲಾ ಇರ್ತದ. ಎರಡನೇದ್ರಾಗ ಯಾಕ ತಿದ್ದಿದ್ರಿ ಅಂತ ಕೇಳ್ತಾರ, ಉತ್ತರಾ ಕೊಡಬೇಕು. ಸುಮ್ಮ ನೀವು ಅಳಿಸೋದು ನಾ ಹಾಕೋದು ನಡದ್ರ, ಇಂಗ್ಲಿಷ್ ವಿಕಿಯೊಳಗ ಒಂದು ಪುಟದ ಮ್ಯಾಲೆ 24 ತಾಸಿನ್ಯಾಗ ಮೂರಕ್ಕಿಂತ ಹೆಚ್ಚು ಸಲ ವಾಪಸ್ ತಿರುವಿದವ್ರನ್ನ ಬ್ಲಾಕ್ ಮಾಡ್ತಾರ. ಬರಿಯೋದು ಯಾವ ನೋಟ್‌ಪ್ಯಾಡ್‌ನಾಗೂ ಬರ್ತದ್ರಿ. ಕೂಡಿ ಬರಿಯೋ ಟೂಲಿನ ಖರೇ ಕೆಲಸಾ ತಿದ್ದಿದ್ದು ಕಾಣೋಹಂಗ ಇಡೋದು. ಅದು ಇಲ್ಲದ ಕಡೆ ಗಟ್ಟಿ ಒದರೋರದೇ ರಾಜ್ಯ.

ಬ್ಯಾಡಗಿ ಖಾರ:
ವಿಕಿಪೀಡಿಯಾ ವಿಶ್ವಕೋಶ್ರೀ, ಅದರಾಗ ಯಾರ ದನಿ ಕೇಳಿದ್ರೇನು ಬಿಟ್ರೇನು. ಶಾಲಿ ನೆನಪು ಹಂಗಲ್ಲ. ಬರದಾಂವನ ದನಿ ಹೋತಂದ್ರ ಉಳೀತೇನು?

ಬೆಂಗ್ಳೂರು ಸೇರಿದ ಗದಗಿನವ:
ನಂದೊಂದು ಪ್ರಶ್ನೆ. ಪುಸ್ತಕ ಅಚ್ಚಾದ್ರೆ ಐನೂರು ಪ್ರತಿ, ಅದ್ರಲ್ಲಿ ಮುನ್ನೂರು ಗೆದ್ದಲಿಗೆ. ಅದ್ರ ಬದ್ಲು ಎಲ್ಲಾನೂ ಸೀದಾ ವಿಕಿಪೀಡಿಯಾದಲ್ಲೇ ಹಾಕಿಬಿಟ್ರೆ ಆಗಲ್ವಾ? ಊರಿನ ಇತಿಹಾಸ, ಶಾಲೆ, ಮೇಷ್ಟ್ರುಗಳು, ಎಲ್ಲಾ. ಶಾಶ್ವತವಾಗಿ ಇರುತ್ತೆ, ಜಗತ್ತೇ ಓದುತ್ತೆ.

ಸಾಧನಕೇರಿ:
ಆಗಂಗಿಲ್ರಿ. ವಿಕಿಪೀಡಿಯಾಕ್ಕ ಬ್ಯಾರೆ ಕಡೆ ಅಚ್ಚಾದ ಆಧಾರ ಬೇಕು, ‘ನಮ್ಮಜ್ಜ ಹೇಳ್ತಿದ್ದ’ ಅಲ್ಲಿ ನಡಿಯಂಗಿಲ್ಲ, ಸ್ವಂತ ಸಂಶೋಧನೆ ಬ್ಯಾಡ ಅನ್ನೋದು ಅದರ ಮೂಲ ನಿಯಮ. ನಿಮ್ಮ ಪುಸ್ತಕದ ಜೀವಾನೇ ಅಜ್ಜ ಹೇಳಿದ್ದು. ಆದ್ರ ಒಂದು ಮಾಡಬಹುದು, ಹಳೇ ಪುಸ್ತಕ ಇದ್ರ ವಿಕಿಸೋರ್ಸ್‌ಗೆ ತರ್ರಿ, ಅದು ಹಕ್ಕು ಮುಗದ ಪುಸ್ತಕ ಇಡೋ ವಿಕಿಪೀಡಿಯಾದ ತಂಗಿ ತಾಣ. ನಿಮ್ಮ ಹಾವೇರಿ ಕಡೆಯ ಗಳಗನಾಥರು ತೀರಿಕೊಂಡದ್ದು 1942ರಾಗ, ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳ ಹಕ್ಕಿನ ಅವಧಿ ಎಂದೋ ಮುಗದದ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಲೆಕ್ಕ. ಆಲೂರು ವೆಂಕಟರಾಯರು ತೀರಿಕೊಂಡದ್ದು 1964, ಅಂದ್ರ 2025ರ ಜನವರಿ 1ಕ್ಕ ಅವರದೂ ಎಲ್ಲಾರ ಸ್ವತ್ತಾತು. ನಮ್ಮ ಓಣಿಯ ಬೇಂದ್ರೆ ಅಜ್ಜಾರು 1981, ಅವರದು 2041 ಮುಗಿಯೋತನಕಾ ಕಾಯಬೇಕು, ಹಂಗಾಗಿ ನಿಮ್ಮ ಸಂಚಿಕೆಯೊಳಗ ಅವರ ಕವನ ಪೂರ್ತಿ ಹಾಕೋ ವಿಚಾರ ಇದ್ರ ಮೊದಲ ಅನುಮತಿ ತಗೋರಿ.

ವಿಕಿಸೋರ್ಸ್‌ನಾಗ ಕೆಲಸಾ ನಡಿಯೋ ರೀತಿ ನನಗ ಎಲ್ಲಾಕ್ಕಿಂತ ಸೇರ್ತದ. ಸ್ಕ್ಯಾನ್ ಒಂದು ಕಡೆ, ಟೈಪ್ ಮಾಡೋ ಜಾಗಾ ಬಾಜೂಕ. ಓಸಿಆರ್, ಅಂದ್ರ ಚಿತ್ರದಾಗಿನ ಅಕ್ಷರಾ ಓದಿ ಟೈಪ್ ಮಾಡೋ ಸೌಲಭ್ಯ, ಹೊಡದ್ರ ಕನ್ನಡ ಪಠ್ಯ ಬಂದು ಬೀಳ್ತದ, ಹಳೇ ಅಚ್ಚಿನ ಮೊಳೆ ಸವದಿದ್ರ ತಪ್ಪು ಭಾಳ. ಒಬ್ಬರು ತಿದ್ದಿದ ಪುಟಾ ಹಳದಿ ಆಗ್ತದ, ಇನ್ನೊಬ್ಬರು ಮತ್ತ ಓದಿ ಒಪ್ಪಿದ್ರ ಹಸರ. ನೀವು ತಿದ್ದಿದ್ದನ್ನ ನೀವೇ ಹಸರ ಮಾಡ್ಲಿಕ್ಕೆ ಬರಂಗಿಲ್ಲ. ಈ ಒಂದು ನಿಯಮ ನಿಮ್ಮ ಸಂಚಿಕೆಗೂ ಹಚ್ಚಿಕೋರಿ ಅಂತೀನಿ.

ನಿವೃತ್ತ ಮಾಸ್ತರ:
ಎಲ್ಲಾ ಓದಿದೆ. ನಾನು ಟೈಪ್ ಮಾಡಾಂವ ಅಲ್ಲ, ಇದನ್ನೂ ಮಾತಾಡಿ ಬರಸಾಕತ್ತೀನಿ. ಫೋನಿನ ಕೀಬೋರ್ಡಿನ್ಯಾಗ ಮೈಕಿನ ಚಿತ್ರ ಇರ್ತೈತಿ, ಭಾಷಾ ಕನ್ನಡ ಇಟ್ಟು ಮಾತಾಡಿದ್ರ ತಾನ ಬರ್ಕೋತೈತಿ. ಜಿಬೋರ್ಡ್ ಅನ್ನೂ ಗೂಗಲ್ ಕೀಬೋರ್ಡಿಗೆ ಕನ್ನಡ ಮಾತು 2017ರಾಗ ಬಂತಂತ ನಮ್ಮ ಮೊಮ್ಮಗ ಹೇಳಿದ. ನಿಮ್ಮೂರ ಹಿರ್ಯಾರಿಗೆ ಇದನ್ನ ಕಲಸ್ರಿ, ಕಾಗದದ ಫೋಟೋ ಬರೂದು ನಿಂತೀತು. ಒಂದ ಮಾತು, ಸಾವಕಾಶ ಮಾತಾಡಬೇಕು, ಪೂರ್ಣವಿರಾಮ ತಾವ ಹಾಕಬೇಕು, ಮತ್ತ ಊರ ಹೆಸರು ಹೊಲದ ಹೆಸರು ಹೇಳಿದ್ರ ಅದಕ್ಕ ತಿಳಿಯೂದಿಲ್ಲ, ಅವನ್ನ ಯಾರರ ಹುಡುಗರು ಕುಂತು ಸರಿ ಮಾಡಬೇಕು. ಅಜ್ಜ ಮಾತಾಡೂದು ಮೊಮ್ಮಗ ತಿದ್ದೂದು, ಇದೂ ಕೂಡಿ ಬರದಂಗ ಆತಲ್ಲ.

ವರದಾ ದಂಡಿ:
ಎಲ್ಲಾರಿಗೂ ಶರಣ್ರಿ. ಡಾಕ್ಸ್ ಶುರು ಮಾಡೀವಿ, ಫೋಲ್ಡರ್ ಆಗೈತಿ, ಲೇಖನ ಬರಾಕತ್ತಾವ. ಈಗ ಎರಡು ಹೊಸ ಫಜೀತಿ.

ಒಂದನೇದು: ಶಾಲಿ ಜಾಗಾ ಯಾರು ದಾನ ಕೊಟ್ಟದ್ದು ಅಂತ ಎರಡು ಮನಿತನದಾಗ ಮೊದಲಿಂದ ಮಾತು ಐತಿ. ಒಬ್ಬರು ಅವರ ಮುತ್ತಜ್ಜನ ಹೆಸರು ಬರದ್ರು. ಮರುದಿನ ಮುಂಜಾನೆ ನೋಡೂದರಾಗ ಆ ಪ್ಯಾರಾನ ಇಲ್ಲ. ಹಿಸ್ಟರಿ ತಗದು ನೋಡಿದ್ರ ರಾತ್ರಿ ಹನ್ನೊಂದರ ಮ್ಯಾಲ ಇನ್ನೊಂದು ಮನಿತನದ ಹುಡುಗ ಅಳಿಸ್ಯಾನ. ವಾಪಸ್ ತಂದೆ, ಮತ್ತ ಅಳಿಸಿದ. ಫೋನ್ ಹಚ್ಚಿದ್ರ ಎತ್ತವಲ್ಲ.

ಎರಡನೇದು ಇನ್ನೂ ಹೇಳಾಕ ಕಷ್ಟ. ನಮ್ಮ ಒಬ್ಬ ಹಳೇ ಬಾಣಸಿಗಿತ್ತಿ ಅಮ್ಮ ಶಾಲಿ ಅಡಗಿಮನಿ ಬಗ್ಗೆ ಮಾತಾಡ್ಯಾಳ, ಮೊಮ್ಮಗಳು ಬರ್ಕೊಂಡಾಳ, ಹೆಂಗ ಮಾತಾಡ್ಯಾಳ ಹಂಗ. ಓದಿದ್ರ ಆಕಿನ ಮುಂದ ಕುಂತಂಗ ಆಗ್ತೈತಿ. ಅದನ್ನ ಒಬ್ಬ ಸರ್ ಇಡೀದಕ್ಕ ಇಡೀ ಸಜೆಷನ್ ಹಾಕಿ ‘ಐತಿ’ ಇದ್ದಲ್ಲೆಲ್ಲಾ ‘ಇದೆ’, ‘ಹುಡುಗೂರು’ ಇದ್ದಲ್ಲಿ ‘ವಿದ್ಯಾರ್ಥಿಗಳು’, ‘ಸಾರಿಗೆ ಉಪ್ಪು ಬಿದ್ದಿದ್ದಿಲ್ಲ’ ಅಂದದ್ದನ್ನ ‘ಸಾಂಬಾರಿನಲ್ಲಿ ಉಪ್ಪಿನಂಶ ಕಡಿಮೆ ಇತ್ತು’ ಅಂತ ಮಾಡ್ಯಾರ. ಪಾಪ ಅವರು ಹಗಲೂ ರಾತ್ರಿ ಕುಂತು ಮಾಡ್ಯಾರ. ಈಗ ನಾ ರಿಜೆಕ್ಟ್ ಒತ್ತಿದ್ರ ಅವರಿಗೆ ಮೇಲ್ ಹೋಗ್ತೈತೇನು?

ಬ್ಯಾಡಗಿ ಖಾರ:
ನಾ ಹೇಳಿದ್ದೆ. ಉಪ್ಪಿನಂಶ!! 😂😂

ವಿದ್ಯಾನಗರ ಪಿಜಿ:
ಅಣ್ಣಾರ ನೋಟಿಫಿಕೇಷನ್ ಮೇಲ್ ಹೋಗ್ತೈತಿ, ಅವರು ಸೆಟ್ಟಿಂಗ್ಸ್‌ನಾಗ ಬಂದ್ ಇಟ್ಟಿದ್ರ ಮಾತು ಬ್ಯಾರೆ. ಒಂದೊಂದ ರಿಜೆಕ್ಟ್ ಮಾಡೂದಕ್ಕ ಮೊದಲ ಮ್ಯಾಲ ಒಂದು ಕಾಮೆಂಟ್ ಹಾಕಿ ‘ಸರ್, ಇದು ಮಾತಾಡಿದ ಲೇಖನ, ಹಂಗ ಇಡ್ತೀವಿ, ಕಾಗುಣಿತ ತಪ್ಪಿದ್ದಷ್ಟು ಒಪ್ಪಿಕೊಂಡೀವಿ’ ಅಂತ ಬರೀರಿ. ಆಮ್ಯಾಲ ಸಜೆಷನ್ ಎಲ್ಲಾ ಒಮ್ಮೆಗೇ ನೋಡೂ ಆಪ್ಷನ್ ಐತಿ, ಕಾಗುಣಿತದ್ದು ಮೊದಲ ಒಪ್ಪಿ, ಉಳದದ್ದು ಒಂದ ಸಲ ರಿಜೆಕ್ಟ್ ಆಲ್ ಮಾಡ್ರಿ. ಇದನ್ನ ಲ್ಯಾಪ್‌ಟಾಪ್‌ನಾಗ ಮಾಡ್ರಿ, ಫೋನಿನಾಗ ಬ್ಯಾಡ.

ನಿವೃತ್ತ ಮಾಸ್ತರ:
ಆ ಸರ್ ಮ್ಯಾಲ ಸಿಟ್ಟಾಗಬ್ಯಾಡ್ರಿ. ನಾವು ಮೂವತ್ತು ವರ್ಷ ಕೆಂಪು ಮಸಿ ಹಿಡದು ‘ಐತಿ’ ಅನ್ನೂದನ್ನ ‘ಇದೆ’ ಮಾಡಿದವ್ರ. ಪರೀಕ್ಷಾದಾಗ ಹಂಗ ಬೇಕಾಗಿತ್ತು. ಇದು ಪರೀಕ್ಷಾ ಅಲ್ಲ. ಮೊದಲ ಪುಟದಾಗ ಒಂದು ಸಾಲು ಬರೀರಿ, ಯಾರು ಮಾತಾಡಿದ್ದು ಯಾರ ಮಾತಿನ್ಯಾಗ ಐತೋ ಹಂಗ ಇಟ್ಟೀವಿ, ಶಾಲಿ ಇತಿಹಾಸದ ಭಾಗ ಗ್ರಾಂಥಿಕದಾಗ ಐತಿ ಅಂತ. ಆ ಸರಿಗೆ ಇತಿಹಾಸದ ಭಾಗ ನೋಡ್ರಿ ಅಂತ ಒಪ್ಪಸ್ರಿ, ಅವರ ಶಿಸ್ತು ಅಲ್ಲಿ ಭಾಳ ಬೇಕಾಗ್ತೈತಿ.

ಜಾಗಾದ ಜಗಳಾಕ್ಕ ಟೂಲ್ ಏನೂ ಮಾಡೂದಿಲ್ಲ. ಉತಾರ, ಅಂದ್ರ ಜಾಗಾದ ಸರ್ಕಾರಿ ದಾಖಲೆದ ನಕಲು, ತಗಸ್ರಿ. ಶಾಲಿ ಕಟ್ಟಿದಾಗ ನಿಮ್ಮೂರು ಮುಂಬೈ ಇಲಾಖೆದ ಧಾರವಾಡ ಜಿಲ್ಲಾದಾಗ ಇತ್ತು, ಹಾವೇರಿ ಜಿಲ್ಲಾ ಆದದ್ದು 1997ಕ್ಕ, ಹಂಗಾಗಿ ಹಳೇ ಕಾಗದ ಧಾರವಾಡದ ಹೆಸರಿನ ಮ್ಯಾಲ ಹುಡುಕಬೇಕು. ಶಾಲಿ ಜನರಲ್ ರಜಿಸ್ಟರ್ ನೋಡ್ರಿ, ಹೆಡ್‌ಮಾಸ್ತರ್ ಕಡೆ ಹಳೇ ಲಾಗ್ ಬುಕ್ ಇದ್ರ ಅದನ್ನೂ. ಕಾಗದ ಸಿಕ್ರ ಸ್ಕ್ಯಾನ್ ಮಾಡಿ ಆ ಡಾಕ್ ಒಳಗ ಹಚ್ಚಿ ಬಿಡ್ರಿ. ಸಿಗಲಿಲ್ಲ ಅಂದ್ರ ‘ಹಿಂಗೂ ಹೇಳ್ತಾರ, ಹಂಗೂ ಹೇಳ್ತಾರ’ ಅಂತ ಎರಡೂ ಹಾಕಿ ಎರಡೂ ಕಡೆ ಹೇಳಿದವ್ರ ಹೆಸರು ಕೊಡ್ರಿ.

ಸಾಧನಕೇರಿ:
ಮಾಸ್ತರ್ರ ಹೇಳಿದ್ದು ವಿಕಿಪೀಡಿಯಾದ ನಿಯಮಾನೇ, ಅವರಿಗೆ ಗೊತ್ತಿಲ್ಲದಂಗ ಹೇಳ್ಯಾರ. ಭಿನ್ನಾಭಿಪ್ರಾಯ ಇದ್ರ ಎರಡೂ ಬರೀಬೇಕು, ಯಾರ ಮಾತು ಅಂತ ಹೇಳಬೇಕು, ನಮ್ಮ ತೀರ್ಪು ಕೊಡಬಾರ್ದು. ಆ ಹುಡುಗನ್ನ ತಗದು ಹಾಕಬ್ಯಾಡ್ರಿ, ಎಡಿಟ್ ಇಂದ ಕಾಮೆಂಟಿಗೆ ಇಳಸ್ರಿ. ಹಿಸ್ಟರಿ ತಗದು ಗ್ರೂಪಿನಾಗ ಸ್ಕ್ರೀನ್‌ಶಾಟ್ ಹಾಕಿ ಮಾನಾ ಕಳಿಯೋದು ಮಾತ್ರ ಬ್ಯಾಡ. ತಿದ್ದಿದ್ದು ಕಾಣಸ್ತದ ಅಂತ ಗೊತ್ತಾದ್ರ ಸಾಕು, ಮಂದಿ ತಾವೇ ಹದಕ್ಕ ಬರ್ತಾರ. ವಾಟ್ಸ್ಯಾಪ್‌ನಾಗ ನೋಡ್ರಿ, ಕಳಿಸಿದ ಮ್ಯಾಲೆ 15 ನಿಮಿಷದತನಕಾ ಮೆಸೇಜ್ ತಿದ್ದಬಹುದು, ‘ಎಡಿಟೆಡ್’ ಅಂತ ಬರ್ತದ, ಮೊದಲ ಏನಿತ್ತು ಅಂತ ಓದೋರಿಗೆ ಕಾಣಂಗಿಲ್ಲ. ಅದಕ್ಕ ಅಲ್ಲಿ ಜಗಳ ಬಗೆಹರಿಯಂಗಿಲ್ಲ.

ಬೆಂಗ್ಳೂರು ಸೇರಿದ ಗದಗಿನವ:
ಹಕ್ಕು ಯಾರದು ಅನ್ನೋದನ್ನೂ ಈಗ್ಲೇ ಮಾತಾಡ್ಕೊಳ್ಳಿ. ಲೇಖನ ಬರೆದವ್ರದ್ದೇ ಹಕ್ಕು ಇರುತ್ತೆ, ಸಮಿತಿಗೆ ತಾನಾಗೇ ಬರಲ್ಲ. ಮುಂದೆ ಯಾರೋ ಇ-ಬುಕ್ ಮಾಡ್ತೀವಿ ಅಂದ್ರೆ ಎಲ್ಲರ ಮನೆ ಬಾಗ್ಲಿಗೆ ಹೋಗ್ಬೇಕಾಗುತ್ತೆ. ಗೂಗಲ್ ಫಾರ್ಮ್‌ನಲ್ಲಿ ಒಂದು ಒಪ್ಪಿಗೆ ತಗೊಂಡ್ಬಿಡಿ, ಅಚ್ಚಿಗೂ ಆನ್‌ಲೈನಿಗೂ ಒಪ್ಪಿದೀನಿ ಅಂತ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೆ ಎಲ್ಲರೂ ಒಪ್ಪಿದ್ರೆ ಇನ್ನೂ ಒಳ್ಳೇದು, ಹೆಸರು ಹೇಳಿ ಯಾರು ಬೇಕಾದ್ರೂ ಬಳಸ್ಕೋಬಹುದು, ವಿಕಿಪೀಡಿಯಾ ಬರಹ ಇರೋದೂ ಅದ್ರಲ್ಲೇ.

ಕಪ್ಪತಗುಡ್ಡ:
ಫೋಟೋ ಬಗ್ಗೆ ಯಾರೂ ಮಾತಾಡವಲ್ರಿ. ವಾಟ್ಸ್ಯಾಪ್‌ನಾಗ ಫೋಟೋ ಆಗಿ ಕಳಿಸಿದ್ರ ಹಿಂಡಿ ಸಣ್ಣದು ಮಾಡಿಬಿಡ್ತೈತಿ, ಅಚ್ಚಿಗೆ ಬರೂದಿಲ್ಲ. ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಾ ಡ್ರೈವ್ ಫೋಲ್ಡರಿಗೆ ಸೀದಾ ಹಾಕ್ರಿ. ಹಳೇ ಗ್ರೂಪ್ ಫೋಟೋ ಇದ್ರ ಸ್ಕ್ಯಾನರ್‌ನಾಗ 300 ಡಿಪಿಐಕ್ಕಿಂತ ಕಡಿಮಿ ಬ್ಯಾಡ, ಸಣ್ಣ ಫೋಟೋ ಇದ್ರ 600 ಇಡ್ರಿ. ಆಮ್ಯಾಲ ಒಂದು ಶೀಟ್ ಮಾಡಿ, ಮೊದಲನೇ ಸಾಲು ಎಡದಿಂದ ಯಾರು ಯಾರು, ಎರಡನೇ ಸಾಲು ಯಾರು, ಅಂತ ಖಾಲಿ ಖಾನೆ ಬಿಟ್ಟು ಗ್ರೂಪಿಗೆ ಬಿಡ್ರಿ. ನಮ್ಮೂರಾಗ ಹಿಂಗ ಮಾಡಿದ್ವಿ, ಒಬ್ಬರಿಗೆ ಗೊತ್ತಿಲ್ಲದ ಮುಖ ಇನ್ನೊಬ್ಬರಿಗೆ ಗೊತ್ತಿರ್ತಿತ್ತು, ಧಾರವಾಡಕ್ಕ ಕೊಟ್ಟ ಒಬ್ಬ ಅಕ್ಕಾರು ಅಂತೂ ಹಿಂದ ಬಾಗಲದಾಗ ನಿಂತ ಜವಾನನ ಹೆಸರೂ ಹೇಳಿದ್ರು. ಕೂಡಿ ಮಾಡೂ ಕೆಲಸಾ ಅಂದ್ರ ಇದ ನೋಡ್ರಿ, ಒಬ್ಬ ಲೇಖಕ ಕುಂತು ಇದನ್ನ ಎಲ್ಲಿಂದ ತರ್ತಾನು ಖಾರದವ್ರ?

ಮತ್ತ ಊರ ನಕಾಶಿ ಬೇಕಂದ್ರ ಗೂಗಲ್ ಮ್ಯಾಪಿನ ಸ್ಕ್ರೀನ್‌ಶಾಟ್ ಹಾಕಬ್ಯಾಡ್ರಿ, ಓಪನ್‌ಸ್ಟ್ರೀಟ್‌ಮ್ಯಾಪ್ ನೋಡ್ರಿ. ಸ್ಟೀವ್ ಕೋಸ್ಟ್ ಅನ್ನಾವ್ರು 2004ರಾಗ ಇಂಗ್ಲೆಂಡಿನ್ಯಾಗ ಶುರು ಮಾಡಿದ್ದು, ಮಂದೀನ ಕೂಡಿ ಬಿಡಿಸಿದ ನಕಾಶಿ, ಹೆಸರು ಹೇಳಿದ್ರ ಅಚ್ಚು ಹಾಕಾಕ ಪುಕಟ. ನಿಮ್ಮ ಊರ ಕೆರಿ, ಬಾವಿ, ಹಳೇ ಹಗೇವು ಇದ್ದ ಓಣಿ, ಗರಡಿಮನಿ ಎಲ್ಲಾ ನೀವ ಸೇರಸಬಹುದು, ಕನ್ನಡ ಹೆಸರಿಗೆ ಬ್ಯಾರೆ ಖಾನೆ ಐತಿ. ಲಕ್ಕುಂಡಿ ಕಡೆ ಹೋದಾಗೊಮ್ಮೆ ನಾ ಒಂದೆರಡು ಬಾವಿ ಸೇರಿಸಿ ಬರ್ತೀನಿ, ಚಟಾ ಹತ್ತೇತಿ.

ಬ್ಯಾಡಗಿ ಖಾರ:
ಜವಾನನ ಹೆಸರಿನ ಮಾತು ಒಪ್ಪಿದೆ. ಅದು ಒಬ್ಬನಿಂದ ಆಗೂದಲ್ಲ. ಆದ್ರೂ ಕಡೀಕ ಒಬ್ಬರು ಕುಂತು ಕೊಯ್ಯಬೇಕು, ಆ ಅಧಿಕಾರ ಯಾರಿಗೆ ಅಂತ ಈಗ ಬರದಿಡ್ರಿ. ‘ಸಂಪಾದಕ ಮಂಡಳಿ’ ಅಂತ ಹದಿನೈದು ಹೆಸರು ಹಾಕಿ ಯಾರೂ ಕತ್ತರಿ ಹಿಡೀಲಿಲ್ಲ ಅಂದ್ರ ಮತ್ತ ಸೊಸೈಟಿ ವರದಿನ.

ವಿದ್ಯಾನಗರ ಪಿಜಿ:
ಇನ್ನೊಂದು ಅರ್ಜೆಂಟ್ ಮಾತು ಅಣ್ಣಾರ. ಹಳೇ ವಿದ್ಯಾರ್ಥಿಗಳ ಫೋನ್ ನಂಬರ್, ವಿಳಾಸದ ಶೀಟ್ ಮಾಡಿರ್ತೀರಿ, ಅದನ್ನ ದಯಮಾಡಿ ‘ಲಿಂಕ್ ಇದ್ದವ್ರೆಲ್ಲಾ’ ಅಂತ ಬಿಡಬ್ಯಾಡ್ರಿ. ಗ್ರೂಪಿನಾಗ ಹಾಕಿದ ಲಿಂಕ್ ನಾಳೆ ಬ್ಯಾರೆ ಹತ್ತು ಗ್ರೂಪಿಗೆ ಹೋಗ್ತೈತಿ. ಮಾಹಿತಿ ಫಾರ್ಮ್ ಮುಖಾಂತ್ರ ತಗೋರಿ, ಫಾರ್ಮ್ ತುಂಬಿದವ್ರಿಗೆ ಉಳದವ್ರದು ಕಾಣೂದಿಲ್ಲ. ಮತ್ತ ಎಲ್ಲಾ ಫೈಲ್ ಒಬ್ಬರ ಖಾತೆದಾಗ ಇದ್ರ ಅವರು ಖಾತೆ ಬಳಸೂದು ಬಿಟ್ರ ಕಷ್ಟ, ಎರಡು ವರ್ಷ ತೆರೀದ ಖಾತೆ ಗೂಗಲ್ ಅಳಿಸಬಹುದು ಅನ್ನೂ ನಿಯಮ ಐತಿ, ಪುಕಟ ಜಾಗಾನೂ 15 ಜಿಬಿ ಅಷ್ಟ, ಅದೂ ಜಿಮೇಲ್ ಫೋಟೋ ಎಲ್ಲಾ ಕೂಡಿ. ವಾರಕ್ಕೊಮ್ಮೆ ಫೋಲ್ಡರ್ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಡ್ರಿ.

ವರದಾ ದಂಡಿ:
ಶೀಟ್ ಈಗ ಬಂದ್ ಮಾಡಿದೆ ತಂಗಿ, ಫಾರ್ಮ್ ಮಾಡ್ತೀನಿ. ಕತ್ತರಿ ಆ ‘ಇದೆ’ ಸರ್ ಮತ್ತ ನಮ್ಮೂರ ಒಬ್ಬ ಅಕ್ಕಾರು, ಇಬ್ಬರ ಕೈಯಾಗ ಕೊಟ್ಟೀವಿ, ಒಬ್ಬರು ನೋಡಿದ್ದನ್ನ ಇನ್ನೊಬ್ಬರು ಒಪ್ಪಬೇಕು, ವಿಕಿಸೋರ್ಸಿನ ಹಳದಿ ಹಸರ ಇದ್ದಂಗ. ಸರ್ ಖುಷಿ ಆಗ್ಯಾರ, ಅಮ್ಮನ ಲೇಖನ ಬಿಟ್ಟುಕೊಟ್ರು. ಜಾಗಾದ್ದು ಉತಾರಕ್ಕ ಅರ್ಜಿ ಹಾಕೀವಿ, ಬಂದಿಲ್ಲ. ಗದಗ ಅಣ್ಣಾರ, ಪ್ರೆಸ್‌ನವ್ರು ಪುಟ ಎಷ್ಟು ಅಂತ ಕೇಳಾಕತ್ತಾರ, ಡಾಕ್ಸ್‌ನಾಗ ನೂರಾ ನಾಲ್ಕು ತೋರಸ್ತೈತಿ, ಅಷ್ಟ ಹೇಳ್ಲೇನು?

ಗದಗ ಡಿಟಿಪಿ:
ಹೇಳಬ್ಯಾಡ್ರಿ. ಡಾಕ್ಸ್‌ದು ಎ4 ಪುಟ, ನಿಮ್ಮದು ಯಾವ ಸೈಜ್ ಅಂತ ಮೊದಲ ಠರಾಸ್ರಿ. ಡೆಮಿ ಒನ್ ಬೈ ಎಯ್ಟ್ ಅಂದ್ರ ಪುಟ ಸಣ್ಣದು, ನೂರಾ ನಾಲ್ಕು ಇದ್ದದ್ದು ಎಲ್ಲೋ ಹೋಗಿ ನಿಲ್ತೈತಿ, ಫೋಟೋ ಬ್ಯಾರೆ. ಒಂದು ಲೇಖನ ಕಳಸ್ರಿ, ಅಮ್ಮಂದ ಕಳಸ್ರಿ, ಸೆಟ್ ಮಾಡಿ ಒಂದು ಪುಟಾಕ್ಕ ಎಷ್ಟು ಶಬ್ದ ಕುಂದರ್ತಾವ ಹೇಳ್ತೀನಿ, ಅದರ ಮ್ಯಾಲ ಲೆಕ್ಕಾ ಹಾಕೂಣು. ಮತ್ತ ಒಟ್ಟು ಪುಟ 16ರ ಫಾರಮ್ಮಿಗೆ, ಅಂದ್ರ ಒಂದ ದೊಡ್ಡ ಹಾಳಿ ಮ್ಯಾಲ ಕೂಡೇ ಅಚ್ಚಾಗೂ 16 ಪುಟದ ಕಟ್ಟಿಗೆ, ಕುಂದರಬೇಕು, ಇಲ್ಲಂದ್ರ 8ಕ್ಕರ. ಒಂದೆರಡು ಪುಟ ಹೆಚ್ಚಾದ್ರ ಮುನ್ನುಡಿ ಕೊಯ್ರಿ, ಮುನ್ನುಡಿ ಯಾರೂ ಓದೂದಿಲ್ಲ.